ದೊಡ್ಡವ್ವ ಓದದೆ ಬಿಟ್ಟ ಹೆಸರು

ಹೋದ ವಾರ ಸೇಲಂನಲ್ಲಿ ಕನ್ನಡಕದ ಅಂಗಡಿಗೆ ಹೋಗಿದ್ದೆ. ಸಂಜೆಯಾದರೆ ತಲೆನೋವು, ಶಾಲೆಯ ಮಕ್ಕಳ ನೋಟ್‌ಬುಕ್ ತಿದ್ದುವಾಗ ಅಕ್ಷರಗಳು ಎರಡೆರಡಾಗಿ ಕಾಣುತ್ತಿದ್ದವು. ಅಂಗಡಿಯ ಹೆಂಗಸು ನನ್ನನ್ನು ಒಂದು ಯಂತ್ರದ ಮುಂದೆ ಕೂರಿಸಿದಳು. ಗಲ್ಲ ಇಡುವ ಪ್ಲಾಸ್ಟಿಕ್ ತಟ್ಟೆಯನ್ನು ಸ್ಪಿರಿಟ್ ಹಾಕಿದ ಹತ್ತಿಯಲ್ಲಿ ಒರೆಸಿ, ಗಲ್ಲ ಇಲ್ಲಿಡಿ, ಹಣೆ ಅಲ್ಲಿ ಒತ್ತಿ, ಅಲ್ಲಾಡಬೇಡಿ ಎಂದು ತಮಿಳಿನಲ್ಲಿ ಹೇಳಿದಳು. ಆ ವಾಸನೆ ಮೂಗಿಗೆ ಬಡಿಯಿತು. "ಕಣ್ಣಲ್ಲಿ ನೀರು ಬರ್ತಿದೆಯಲ್ಲಮ್ಮಾ, ಉರೀತಿದೆಯಾ?" ಎಂದು ಕೇಳಿದಳು. ಅವಳಿಗೆ ಏನಂತ ಹೇಳಲಿ. "ಏನಿಲ್ಲ, ನೀವು ನೋಡಿ" ಎಂದೆ.

ನಾಲ್ಕು ವರ್ಷದ ಹಿಂದೆ ಇಂಥದೇ ಒಂದು ಗಲ್ಲದ ತಟ್ಟೆಯನ್ನು ನಾನು ದಿನಕ್ಕೆ ಹತ್ತು ಸಲ ಒರೆಸುತ್ತಿದ್ದೆ. ದೀಪಾವಳಿಯ ಹೊತ್ತಿನ ಐಪ್ಪಸಿ ಮಳೆ ಹಿಡಿದಾಗ ಶುರುವಾದ ಕೆಲಸ ಸಂಕ್ರಾಂತಿಯ ತೈ ತಿಂಗಳಿಗೆ ಮುಗಿಯಿತು. ಒಂದು ಮಳೆಗಾಲ, ಅಷ್ಟೇ. ಅದನ್ನು ನೆನೆಸಿಕೊಂಡರೆ ಈಗಲೂ ನನ್ನ ಮೈ ಉರಿಯುತ್ತದೆ. ಮೊದಲು ಆ ಕೆಲಸ ಕೊಟ್ಟ ಮೇಡಂ ಮೇಲೆ ಉರಿಯುತ್ತದೆ, ಆಮೇಲೆ ನನ್ನ ಮೇಲೆ.

ನಮ್ಮೂರು ಹರೂರಿಗೂ ಪಾಪಿರೆಡ್ಡಿಪಟ್ಟಿಗೂ ನಡುವೆ ಇರುವ ಒಂದು ಸಣ್ಣ ಊರು. ಶಾಲೆಯಲ್ಲಿ ತಮಿಳು, ಬಸ್ಸಿನಲ್ಲಿ ತಮಿಳು, ಹೊಸ್ತಿಲು ದಾಟಿ ಒಳಗೆ ಬಂದರೆ ಕನ್ನಡ. ಅಪ್ಪ ಅಮ್ಮ ಏರ್ಕಾಡಿನ ಕಾಫಿ ತೋಟದಲ್ಲಿ ಕೂಲಿಗಿದ್ದರು. ಅಲ್ಲಿನ ಥಂಡಿಗೆ ನನಗೆ ಕೆಮ್ಮು ನಿಲ್ಲುತ್ತಿರಲಿಲ್ಲವೆಂದು ಐದನೇ ವಯಸ್ಸಿಗೇ ನನ್ನನ್ನು ಅಮ್ಮನ ಅಕ್ಕನ ಮನೆಗೆ ತಂದು ಬಿಟ್ಟರು. ಅವಳೇ ತಾಯಮ್ಮ, ನನ್ನ ದೊಡ್ಡವ್ವ. ಅವಳಿಗೆ ಮಕ್ಕಳಿರಲಿಲ್ಲ. ದೊಡ್ಡಪ್ಪ, ನೂರು ಚಿಲ್ಲರೆ ಕುರಿ, ಮತ್ತೆ ನಾನು, ಇಷ್ಟೇ ಅವಳ ಸಂಸಾರ.

ದೊಡ್ಡವ್ವ ಕೊಳ್ಳೇಗಾಲದ ಕಡೆಯಿಂದ ಸೊಸೆಯಾಗಿ ಬಂದವಳು. ಅಲ್ಲಿ ಏಳನೇ ಕ್ಲಾಸಿನವರೆಗೆ ಕನ್ನಡ ಓದಿದ್ದಳು. ನಮ್ಮೂರಲ್ಲಿ ಕನ್ನಡ ಮಾತಾಡುವವರು ಎಲ್ಲರೂ, ಓದುವವಳು ಅವಳೊಬ್ಬಳು. ಸಂಜೆ ಕುರಿ ಹಟ್ಟಿಗೆ ಸೇರಿಸಿದ ಮೇಲೆ ಜಗಲಿಯಲ್ಲಿ ಮರಳು ಹರಡಿ, ನನ್ನ ಬೆರಳು ಹಿಡಿದು ತಿದ್ದಿಸುತ್ತಿದ್ದಳು. "ಲೇ ಪವಿತ್ರಿ, ಕೈ ಬಿಗಿ ಮಾಡ್ಬ್ಯಾಡ, ಸಡಿಲ ಬುಡು" ಎನ್ನುತ್ತಿದ್ದಳು. ಅವಳು ಬರೆಯುವ 'ಮ'ಗೆ ಕೊನೆಯಲ್ಲಿ ಒಂದು ಸಣ್ಣ ಬಾಲವಿರುತ್ತಿತ್ತು. ಆ ಬಾಲ ನನ್ನ ಕೈಗೂ ಬಂತು. ಕಾಲೇಜಿಗೆ ಹೋದ ಮೇಲೂ ಹೋಗಲಿಲ್ಲ.

ಸೇಲಂನಲ್ಲಿ ಮನಶ್ಶಾಸ್ತ್ರದಲ್ಲಿ ಎಂ.ಎ. ಮುಗಿಸಿ, ಕೆಲಸವಿಲ್ಲದೆ ಮನೆಯಲ್ಲಿ ಕಡಲೆಕಾಯಿ ಬಿಡಿಸಿಕೊಂಡು ಕೂತಿದ್ದಾಗ ನನ್ನ ಕಾಲೇಜಿನ ಟೀಚರ್ ಒಬ್ಬರು ಫೋನ್ ಮಾಡಿದರು. ಮೈಸೂರು ಕಡೆಯ ಮೇಡಂ ಒಬ್ಬರು ಬಂದಿದ್ದಾರೆ, ಓದುವಾಗ ಮೆದುಳು ಏನು ಮಾಡುತ್ತದೆ ಎಂದು ನೋಡುತ್ತಾರಂತೆ, ಕನ್ನಡ ತಮಿಳು ಎರಡೂ ಬಲ್ಲ ಹುಡುಗಿ ಬೇಕಂತೆ. ನಾನು ಮಾರನೇ ದಿನವೇ ಪಾಪಿರೆಡ್ಡಿಪಟ್ಟಿಗೆ ಓಡಿದೆ. ಬಿತ್ತನೆ ಬೀಜದ ಅಂಗಡಿಯ ಮಹಡಿಯಲ್ಲಿ ಒಂದು ಕೋಣೆ ಹಿಡಿದಿದ್ದರು. ಎರಡು ಕಂಪ್ಯೂಟರ್, ಕಣ್ಣಿನ ಓಡಾಟ ಹಿಡಿಯುವ ಕ್ಯಾಮೆರಾ, ಗಲ್ಲ ಇಡುವ ಸ್ಟ್ಯಾಂಡು, ತಂತಿ ಜೋತಾಡುವ ಒಂದು ಟೋಪಿ. ಮೇಡಂ ನನ್ನ ಕೈ ಹಿಡಿದು, "ಬಾ ಪವಿತ್ರಾ, ನಿನಗೋಸ್ಕರವೇ ಕಾಯುತ್ತಿದ್ದೆ" ಎಂದರು. ಅಚ್ಚಾದ ಪುಸ್ತಕದಂತೆ ಮಾತಾಡುವ ಮನುಷ್ಯರನ್ನು ಎದುರಿಗೆ ಕಂಡದ್ದು ಅದೇ ಮೊದಲು. ಆ ಮಾತಿಗೇ ನಾನು ಬಿದ್ದೆ. ಬೆಪ್ಪುತಕ್ಕಡಿ ನಾನು, ಇನ್ನೇನು ಹೇಳಲಿ.

ಕೆಲಸ ಏನೆಂದು ಅವರು ತಿಳಿಸಿದ ರೀತಿ ಮಾತ್ರ ಈಗಲೂ ನನಗೆ ಇಷ್ಟವೇ. ಒಂದು ಹಾಳೆ ಮುಂದಿಟ್ಟು ಓದು ಎಂದರು. 'ಸೀತಮ್ಮ ಗೌರಿಗೆ ಮೊಸರು ಕೊಟ್ಟಳು. ಅವಳು ಮನೆಗೆ ಹೋದಳು.'

"ಯಾರು ಹೋದದ್ದು?"

"ಗೌರಿ."

"ಗೌರಿ ಅಂತ ಎಲ್ಲಿ ಬರೆದಿದೆ?"

"ಮೊಸರು ಇಸ್ಕೊಂಡೋಳು ತಾನೇ ಮೇಡಂ ಮನೆಗೆ ಹೋಗೋದು?"

ಮೇಡಂ ನಕ್ಕುಬಿಟ್ಟರು. ನೀನು ಇಷ್ಟನ್ನೂ ಯೋಚಿಸಿದ್ದು ನಿನಗೇ ಗೊತ್ತಾಗಲಿಲ್ಲ ನೋಡು ಎಂದರು. ಓದುವಾಗ ಒಂದು ಹೆಸರು ಬಂದರೆ ಮನಸ್ಸು ಆ ಮನುಷ್ಯನನ್ನು ಮುಂದೆ ತಂದು ನಿಲ್ಲಿಸಿಕೊಳ್ಳುತ್ತದಂತೆ. ಆಮೇಲೆ 'ಅವಳು' ಎಂದೋ 'ಅವನು' ಎಂದೋ ಬಂದರೆ, ಅದು ಯಾರೆಂದು ಹುಡುಕಿಕೊಂಡು ಹೋಗುತ್ತದಂತೆ, ಸಂಜೆ ಹಟ್ಟಿಯಲ್ಲಿ ಮರಿ ತನ್ನ ತಾಯಿಯನ್ನು ಹುಡುಕಿಕೊಂಡು ಹೋಗುವ ಹಾಗೆ. ಸಿಕ್ಕರೆ ಮುಂದೆ. ಯಾರೆಂದು ಸರಿಯಾಗಿ ತಿಳಿಯದಿದ್ದರೆ ಕಣ್ಣು ಅಲ್ಲೇ ತಡೆಯುತ್ತದೆ, ಕೆಲವು ಸಲ ಹಿಂದಕ್ಕೆ ಓಡಿ ಹೆಸರನ್ನು ಇನ್ನೊಮ್ಮೆ ನೋಡಿಕೊಂಡು ಬರುತ್ತದೆ. ಕಣ್ಣು ತಡೆದದ್ದನ್ನು ಕ್ಯಾಮೆರಾ ಹಿಡಿಯುತ್ತದೆ, ಒಳಗಿನ ಮಿಡುಕನ್ನು ಟೋಪಿ ಹಿಡಿಯುತ್ತದೆ. ಎರಡು ಭಾಷೆಯಲ್ಲಿ ಬದುಕುವವರಿಗೆ ಈ ಹುಡುಕಾಟ ಹೇಗೆ ನಡೆಯುತ್ತದೆ ಎನ್ನುವುದು ಮೇಡಂ ಪ್ರಶ್ನೆ. ನಾನು ಬೆರಗಾಗಿ ಕೂತಿದ್ದೆ.

ಜನ ಕರೆತರುವುದು ನನ್ನ ಪಾಲಿಗೆ ಬಂತು. ಮೊದಲ ವಾರವೇ ಫಜೀತಿ. ನಮ್ಮ ಹೆಂಗಸರ ತಲೆಯಲ್ಲಿ ಹರಳೆಣ್ಣೆ, ಟೋಪಿಯ ಒಳಗಿನ ಸಣ್ಣ ಬಿಲ್ಲೆಗಳು ಅಂಟುವುದೇ ಇಲ್ಲ. ಮೇಡಂ ತಲೆ ಮೇಲೆ ಕೈ ಹೊತ್ತು ಕೂತರು. ಮಂಗಳವಾರ, ಶುಕ್ರವಾರ ಇವರು ಹೇಗೂ ತಲೆಗೆ ನೀರು ಹಾಕಿಕೊಳ್ಳುತ್ತಾರೆ, ಆ ದಿನಗಳಲ್ಲೇ ಕರೆಸೋಣ ಎಂದವಳು ನಾನು. ಕೂದಲು ಒಣಗುವ ಮುಂಚೆ ಹೊರಡಿಸಿ, ಹೊರಗೆ ಜಡಿಮಳೆ ಹುಯ್ಯುತ್ತಿದ್ದರೂ ಛತ್ರಿ ಹಿಡಿದು ಮಹಡಿ ಹತ್ತಿಸುತ್ತಿದ್ದೆ. ಮುಗಿದ ಮೇಲೆ, ಬಿಲ್ಲೆ ಹಿಡಿಯಲೆಂದು ಅವರ ತಲೆಗೆ ಮೆತ್ತಿದ ಲೋಳೆಯನ್ನು ಬಿಸಿನೀರು ಸೀಗೆಪುಡಿ ಹಾಕಿ ನಾನೇ ತೊಳೆಯುತ್ತಿದ್ದೆ. ಪಕ್ಕದ ಮನೆ ಗೌರಮ್ಮ ಟೋಪಿ ಹಾಕಿಸಿಕೊಂಡು ಕನ್ನಡಿ ನೋಡಿ, "ನನ್ ಮಂಡೆಯಾಗೆ ಏನೂ ಇಲ್ಲ ಅಂತ ನಮ್ಮತ್ತೆ ಯಾವತ್ತೋ ಏಳವ್ಳೆ. ಅದಕ್ಯಾಕೆ ಇಷ್ಟೊಂದು ವೈರು?" ಎಂದಳು. ಇಡೀ ಕೋಣೆ ನಕ್ಕಿತು.

ಶುರು ಮಾಡುವ ಮುಂಚೆ ಒಂದು ಒಪ್ಪಿಗೆಯ ಫಾರಂ. ಅದು ಇಂಗ್ಲಿಷಿನಲ್ಲಿತ್ತು. ನಾನು ಬಾಯಲ್ಲಿ ಹೇಳುತ್ತಿದ್ದೆ, ಅವರು ಸಹಿ ಹಾಕುತ್ತಿದ್ದರು. "ನಿಮ್ಮ ಹೆಸರು ಎಲ್ಲೂ ಬರಲ್ಲ, ಬರೀ ನಂಬರು. ಇಲ್ಲಿ ಓದಿದ್ದು ಈ ಕೋಣೆ ದಾಟಲ್ಲ" ಎಂದು ಪ್ರತಿಯೊಬ್ಬರಿಗೂ ಹೇಳಿದೆ. ಕೊನೆಯ ಪುಟದಲ್ಲಿ ವಿಡಿಯೋ ಬಗ್ಗೆ ನಾಲ್ಕು ಸಾಲಿತ್ತು. ಪಾಠ ಮಾಡಲು ಬಳಸಬಹುದು ಅಂತ ಏನೋ. ಅದನ್ನು ನಾನು ಗಟ್ಟಿಯಾಗಿ ಹೇಳಲಿಲ್ಲ. ಮೇಡಂ ಇದ್ದಾರಲ್ಲ ಎಂಬ ಧೈರ್ಯ.

ವಾಕ್ಯಗಳಿಗೆ ಹೆಸರು ಒದಗಿಸುವುದೂ ನನ್ನ ಕೆಲಸವೇ. ಮೇಡಂ ಬರೆದುಕೊಂಡು ಬಂದಿದ್ದ ಪೇಟೆ ಹೆಸರುಗಳನ್ನು ತೆಗೆದು ನಮ್ಮ ಕಡೆಯ ಹೆಸರು ಹಾಕಿ, ತಮಿಳಿಗೂ ಮಾಡಿಕೊಟ್ಟೆ, ದೊಡ್ಡವ್ವನ ಹೊರತು ಮಿಕ್ಕವರೆಲ್ಲ ಓದುತ್ತಿದ್ದದ್ದು ತಮಿಳು. ಕಾರ್ತಿಗೈ ತಿಂಗಳ ಮಧ್ಯದಲ್ಲಿ ಒಂದು ದಿನ ಮೇಡಂ ಕೆಂಪು ಗುರುತು ಹಾಕಿದ ಹಾಳೆ ತೋರಿಸಿದರು. ಗೌರಮ್ಮ ಮತ್ತೆ ಐದಾರು ಹೆಂಗಸರು ಅದರಲ್ಲಿದ್ದರು.

"ಇವರನ್ನು ಬಿಟ್ಟುಬಿಡೋಣ ಪವಿತ್ರಾ. ಇವರಿಗೆ ಓದಲು ಬರುವುದಿಲ್ಲ. ಬರುವ ಹಾಗೆ ನಟಿಸುತ್ತಿದ್ದಾರೆ."

ನನಗೆ ರೇಗಿತು. ಗೌರಮ್ಮ ಹತ್ತನೇ ಕ್ಲಾಸು ಓದಿದವಳು, ಇಡೀ ಬೀದಿಗೆ ತಮಿಳು ಪೇಪರ್ ಓದಿ ಹೇಳುವವಳು. ಹಾಳೆ ಇಸಿದುಕೊಂಡು ನೋಡಿದೆ. ಗಟ್ಟಿಯಾಗಿ ಓದುವಾಗ ಎಲ್ಲ ಸರಿಯಾಗಿ ಓದಿ, ಒಂದೇ ವಾಕ್ಯದಲ್ಲಿ ಹೆಸರು ಬಿಟ್ಟು ಎಡವಿದ್ದಾಳೆ. ಅದರಲ್ಲಿದ್ದ ಹೆಸರು ಮುನಿಸಾಮಿ. ನನಗೆ ನಗು ತಡೆಯಲಾಗಲಿಲ್ಲ.

"ಮೇಡಂ, ಮುನಿಸಾಮಿ ಅಂದ್ರೆ ಅವಳ ಯಜಮಾನ್ರು. ಗಂಡನ ಹೆಸರು ಅವಳು ಬಾಯಲ್ಲಿ ಹೆಂಗೆ ಹೇಳ್ತಾಳೆ?"

"ಆದರೆ ಇದು ಯಾರೋ ಮುನಿಸಾಮಿ. ಬರೀ ಒಂದು ವಾಕ್ಯ."

"ಯಾರೋ ಆದ್ರೇನು, ಅಕ್ಷರ ಅವೇ ಅಲ್ವಾ?"

ಕೆಂಪು ಗುರುತು ಬಿದ್ದ ಒಬ್ಬೊಬ್ಬರನ್ನೂ ನೋಡಿದೆವು. ಎಲ್ಲರದೂ ಅದೇ ಕಥೆ. ಒಬ್ಬಳಿಗೆ ಗಂಡನ ಹೆಸರು, ಇನ್ನೊಬ್ಬಳಿಗೆ ಮಾವನದು. ಆಮೇಲೆ ನನ್ನ ಬಾಯಿ ನಿಲ್ಲಲಿಲ್ಲ. ದೊಡ್ಡವ್ವನ ವಿಷಯ ಹೇಳಿದೆ. ದೊಡ್ಡಪ್ಪನ ಹೆಸರು ಮಾದಪ್ಪ. ನಮ್ಮ ಮನೆದೇವರ ಹೆಸರೂ ಅದೇ ಆದ್ದರಿಂದ ಅವಳು ದೇವರನ್ನು ಸಹ ಬೆಟ್ಟದ ಸ್ವಾಮಿ ಎನ್ನುತ್ತಾಳೆ. ರೇಷನ್ ಅಂಗಡಿಯಲ್ಲಿ ಯಜಮಾನರ ಹೆಸರೇನು ಎಂದರೆ ಕಾರ್ಡು ಮುಂದಕ್ಕೆ ತಳ್ಳುತ್ತಾಳೆ. ಬೀದಿಯಲ್ಲಿ ಇನ್ನೊಬ್ಬ ಮಾದಪ್ಪ ಇದ್ದಾನೆ, ಅವನು ಇವಳ ಬಾಯಲ್ಲಿ ಮೂಲೆಮನೆ ಅಣ್ಣ. ಅವಳು 'ಅವ್ರು' ಎಂದರೆ ಲೋಕದಲ್ಲಿ ಒಬ್ಬರೇ, ಯಾರೆಂದು ಯಾರೂ ಕೇಳಬೇಕಾಗಿಲ್ಲ. ಹೆಸರು ಬಾಯಿಗೆ ಬಂದರೆ ಅವರ ಆಯಸ್ಸು ಸವೆಯುತ್ತದೆ ಎಂದು ಅವಳು ನಂಬಿದ್ದಳು. ಮೂವತ್ತಾರು ವರ್ಷ ಹಾಗೆಯೇ ನಡೆದುಕೊಂಡಿದ್ದಳು.

ಮೇಡಂ ಪೆನ್ನು ಕೆಳಗಿಟ್ಟರು. ಅವರ ಕಣ್ಣು ಫಳಫಳ ಹೊಳೆಯುತ್ತಿತ್ತು. "ಬಾಯಿ ಹೆಸರನ್ನು ಬಿಟ್ಟುಬಿಡುತ್ತದೆ, ಸರಿ. ಮನಸ್ಸಿನಲ್ಲೇ ಓದುವಾಗ? ಕಣ್ಣು ಆ ಹೆಸರಿನ ಮೇಲೆ ಹೋಗುತ್ತದೆಯೇ? ಹೆಸರನ್ನೇ ನೋಡದೆ, ಆಮೇಲೆ ಬರುವ 'ಅವನು' ಯಾರೆಂದು ಹೇಗೆ ಹಿಡಿಯುತ್ತಾರೆ?" ಎಂದು ತಮಗೆ ತಾವೇ ಕೇಳಿಕೊಂಡರು. ಆಮೇಲೆ ನನ್ನ ಎರಡೂ ಭುಜ ಹಿಡಿದು, "ಇದು ನಿನ್ನದು ಪವಿತ್ರಾ. ಲೇಖನದಲ್ಲಿ ನನ್ನ ಹೆಸರಿನ ಪಕ್ಕದಲ್ಲೇ ನಿನ್ನ ಹೆಸರು ಬರುತ್ತದೆ. ಬರುವ ವರ್ಷ ನೀನು ನನ್ನ ಹತ್ತಿರ ಪಿಎಚ್.ಡಿ.ಗೆ ಸೇರುತ್ತೀಯ" ಎಂದರು. ಆ ರಾತ್ರಿ ಒಂದು ಹಾಳೆಯಲ್ಲಿ ಮೇಡಂ ಹೆಸರಿನ ಪಕ್ಕ ನನ್ನ ಹೆಸರು ಬರೆದು ನೋಡಿಕೊಂಡೆ, ಅಷ್ಟು ಖುಷಿ.

ಎರಡು ದಿನ ಬಿಟ್ಟು ಹೊಸ ಕೆಲಸ ಹೇಳಿದರು. ಪ್ರತಿಯೊಬ್ಬ ಹೆಂಗಸಿಗೂ ಅವಳ ಸ್ವಂತ ಗಂಡನ ಹೆಸರು ಹಾಕಿದ ವಾಕ್ಯಗಳು ಬೇಕು. ಅವರಿಗೆ ಮೊದಲೇ ಹೇಳಕೂಡದು, ಹೇಳಿದರೆ ಕಣ್ಣು ಎಚ್ಚರವಾಗಿಬಿಡುತ್ತದೆ. ಹೆಸರಿನ ಪಟ್ಟಿ ನೀನೇ ಮಾಡಿಕೊಡು. ಮೇಡಂಗೆ ತಮಿಳು ಓದಲು ಬರುತ್ತಿರಲಿಲ್ಲ, ಹಾಗಾಗಿ ಪಟ್ಟಿಯನ್ನು ಕನ್ನಡದಲ್ಲಿ ಬರೆದೆ. ಒಂದು ಕಡೆ ಹೆಂಗಸಿನ ನಂಬರು, ಇನ್ನೊಂದು ಕಡೆ ಗಂಡನ ಹೆಸರು. ಹದಿನೇಳನೇ ನಂಬರು ದೊಡ್ಡವ್ವನದು. ಅಲ್ಲಿ ಪೆನ್ನು ಒಂದು ಗಳಿಗೆ ನಿಂತಿತು. ಯಾರು ಬಲವಂತ ಮಾಡಿದರು ನನಗೆ? ಯಾರೂ ಇಲ್ಲ. ನನ್ನ ಹೆಸರು ಅಚ್ಚಾಗುವ ಆಸೆಗೆ ಮಾದಪ್ಪ ಎಂದು ಬರೆದೆ.

ದೊಡ್ಡವ್ವ ಬಂದದ್ದು ಒಂದು ಶುಕ್ರವಾರ. ಸೀಗೆ ಹಾಕಿ ಮಿಂದು, ಹಬ್ಬಕ್ಕೆ ಉಡುವ ಸೀರೆ ಉಟ್ಟು ಬಂದಿದ್ದಳು. ಇಡೀ ಊರಿನಲ್ಲಿ ಕನ್ನಡದ ವಾಕ್ಯ ಓದುವವಳು ತಾನೊಬ್ಬಳೇ ಎನ್ನುವ ಗತ್ತು ಬೇರೆ. ಹೊರಗೆ ಮಳೆ ತಗಡಿನ ಮೇಲೆ ಬಡಿಯುತ್ತಿತ್ತು. ಗಲ್ಲ ಇಟ್ಟು ಕೂತಳು. ನಾನೂ ಮೇಡಮ್ಮೂ ಪಕ್ಕದ ಕಂಪ್ಯೂಟರ್ ನೋಡುತ್ತಿದ್ದೆವು. ಅವಳ ಕಣ್ಣು ಹೋದಲ್ಲೆಲ್ಲ ಅದರಲ್ಲಿ ಒಂದು ಹಸಿರು ಚುಕ್ಕೆ ಹೋಗುತ್ತಿತ್ತು. ಸುಮಾರು ಹೊತ್ತು ಸರಾಗವಾಗಿ ಓದಿದಳು. ಆಮೇಲೆ ಆ ವಾಕ್ಯ ಬಂತು. 'ಮಾದಪ್ಪ ಮಳೆಯಲ್ಲಿ ನೆನೆದು ಮನೆಗೆ ಬಂದ. ಅವನು ಬಾಗಿಲ ಬಳಿ ನಿಂತ.'

ಚುಕ್ಕೆ ಹೆಸರಿನ ಹತ್ತಿರ ಹೋದದ್ದೇ ಹಿಂದಕ್ಕೆ ಸರಿಯಿತು. ಹೆಸರು ದಾಟಿ ಹಾರಿತು. 'ಅವನು' ಮೇಲೆ ಹೋಗಿ ನಿಂತೇ ನಿಂತಿತು. ತಿರುಗಿ ಸಾಲಿನ ಮೊದಲಿಗೆ ಬಂತು, ಆದರೆ ಹೆಸರಿನ ಮೇಲೆ ಕೂರಲಿಲ್ಲ. ಮೇಡಂ ನನ್ನ ತೋಳು ಬಿಗಿಯಾಗಿ ಹಿಡಿದರು. "ಈಗ ಗಟ್ಟಿಯಾಗಿ ಓದಿ ತಾಯಮ್ಮಾ" ಎಂದರು.

ದೊಡ್ಡವ್ವ ಸೆರಗು ಸರಿಮಾಡಿಕೊಂಡು ಓದಿದಳು. "ಮಳೇಲಿ ನೆಂದು ಮನೇಗ್ ಬಂದ್ರು. ಅವ್ರು ಬಾಗ್ಲ ತಾವ ನಿಂತ್ರು." ಯಾರೂ ಹೇಳಿಕೊಡದೆ ಎಲ್ಲವನ್ನೂ ತಿದ್ದಿ ಓದಿದ್ದಳು. ಆಮೇಲೆ ಗಲ್ಲ ತೆಗೆದು ನನ್ನ ಕಡೆ ತಿರುಗಿದಳು.

"ಲೇ ಪವಿತ್ರಿ, ಇದನ್ನ ಬರ್ದೋರ್ಯಾರು?"

"ಯಾರೂ ಬರ್ದಿಲ್ಲ ದೊಡ್ಡವ್ವ. ಕಂಪ್ಯೂಟರೇ ಆಕ್ಕೊಳ್ತದೆ."

"ಅದುಕ್ಕೆ ಮಾನ ಮರ್ವಾದೆ ಯಾರೂ ಕಲ್ಸಿಲ್ವಾ? ಅವನು ಗಿವನು ಅಂತೈತಲ್ಲ, ಅವ್ರೇನು ಅದರ ಜತೆ ಕುರಿ ಕಾಯ್ತಿದ್ರಾ?" ಎಂದು ನಕ್ಕಳು. ನಾನು ಹೇಳಿದ್ದನ್ನು ನಂಬಿದಳು. ಅಲ್ಲೇ ಕೆನ್ನೆಗೆ ಎರಡು ಬಾರಿಸಿದ್ದರೆ ಎಷ್ಟೋ ವಾಸಿಯಿತ್ತು.

ಅವತ್ತು ಅವಳ ತಲೆ ತೊಳೆಯುವಾಗ, ಬಗ್ಗಿ ಕೂತುಕೊಂಡೇ ಕೇಳಿದಳು. "ಈ ಓದು ನಿಂಗೆ ಕೆಲ್ಸ ಕೊಡ್ತದಾ?" ಕೊಡ್ತದೆ ಎಂದೆ. "ಅಂಗಾರೆ ಇನ್ನೂ ಎಲ್ಡು ಸಲ ಬತ್ತೀನಿ ಬುಡು. ಇಲ್ಲಿ ಓದಿದ್ದು ಇಲ್ಲೇ ಇರ್ತದೆ ತಾನೇ?"

"ಇಲ್ಲೇ ಇರ್ತದೆ ದೊಡ್ಡವ್ವ" ಎಂದೆ.

ಮಾರ್ಗಳಿ, ಅಂದರೆ ಧನುರ್ಮಾಸದಲ್ಲಿ, ಮಳೆ ನಿಂತು ಮಂಜು ಬೀಳತೊಡಗಿದಾಗ ಮೇಡಂ ನಮ್ಮ ಮನೆಗೆ ಊಟಕ್ಕೆ ಬಂದರು. ಅವರೆಕಾಯಿ ಸಾರು, ಮುದ್ದೆ. ದೊಡ್ಡವ್ವ ತುಪ್ಪ ಸುರಿದದ್ದೇ ಸುರಿದದ್ದು. "ತಾಯಮ್ಮಾ, ನಿಮ್ಮ ಮಗಳನ್ನು ನನಗೆ ಕೊಟ್ಟುಬಿಡಿ, ಡಾಕ್ಟರ್ ಮಾಡಿ ಕಳಿಸುತ್ತೇನೆ" ಎಂದರು ಮೇಡಂ. "ಸೂಜಿ ಆಕೋ ಡಾಕ್ಟ್ರಾ?" ಎಂದು ದೊಡ್ಡಪ್ಪ ಕೇಳಿದ. ಅಲ್ಲ, ಪುಸ್ತಕ ಬರೆಯುವ ಡಾಕ್ಟರ್ ಎಂದು ಮೇಡಂ ನಕ್ಕರು. ದೊಡ್ಡವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅವಳು ಅಷ್ಟು ಸಂತೋಷಪಟ್ಟದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಪೊಂಗಲ್ ಮುಗಿದ ವಾರ ಸೇಲಂನಲ್ಲಿ ಒಂದು ಸಭೆ ಎಂದು ಮೇಡಂ ಫೋನ್ ಮಾಡಿದರು. ಹೆಂಗಸರನ್ನೆಲ್ಲ ಕರೆದುಕೊಂಡು ಬಾ, ಎಲ್ಲರಿಗೂ ಗೌರವ ಸಲ್ಲಿಸಬೇಕು ಎಂದರು. ಬಿಡುವಿದ್ದವರು ಹನ್ನೊಂದು ಜನ ವ್ಯಾನ್ ಹಿಡಿದು ಹೊರಟೆವು. ಎಲ್ಲರ ಮುಡಿಯಲ್ಲೂ ಕನಕಾಂಬರ. ಮಂಜವಾಡಿ ಕಣಿವೆಯಲ್ಲಿ ಗೌರಮ್ಮ ಹಾಡು ಶುರು ಮಾಡಿದಳು, ದೊಡ್ಡವ್ವ ಸೊಲ್ಲು ಹಿಡಿದಳು. ನಾನು ಮುಂದೆ ಕೂತು, ಪರದೆಯ ಮೇಲೆ ನನ್ನ ಹೆಸರು ಕಂಡಾಗ ಇವರು ಏನನ್ನುತ್ತಾರೋ ಎಂದು ಯೋಚಿಸುತ್ತಿದ್ದೆ.

ಸಭೆ ಒಂದು ದೊಡ್ಡ ಹಾಲ್‌ನಲ್ಲಿ. ಎ.ಸಿ. ಚಳಿಗೆ ಹೆಂಗಸರು ಸೆರಗು ಹೊದ್ದು ಹಿಂದಿನ ಸಾಲಿನಲ್ಲಿ ಕೂತರು. ಮೇಡಂ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು, ನಾನು ಪಿಸುದನಿಯಲ್ಲಿ ಹೇಳುತ್ತಿದ್ದೆ. ಮೊದಲ ಚಿತ್ರದಲ್ಲಿ ಮೇಡಂ ಹೆಸರು. ಅದರ ಪಕ್ಕದಲ್ಲಿ, ನಾನು ಜನ್ಮದಲ್ಲಿ ಕಂಡಿರದ ಅವರ ಶಿಷ್ಯನೊಬ್ಬನ ಹೆಸರು. ಮುಂದೆ ಬರುತ್ತದೆ ಎಂದು ಕಾದೆ. ಗಂಡನ ಹೆಸರಿನ ವಿಷಯ ಬಂದಾಗ "ಇದನ್ನು ನಾವು ಗಮನಿಸಿದೆವು" ಎಂದರು. ಆ 'ನಾವು' ಒಳಗೆ ನಾನು ಇದ್ದೇನೆಯೇ ಎಂದು ಹುಡುಕಿದೆ. ಕೆಳಗೆ ಚಿಕ್ಕ ಅಕ್ಷರದಲ್ಲಿ ಸ್ಥಳೀಯ ಸಹಾಯಕರಿಗೆ ವಂದನೆ ಎಂದಿತ್ತು. ನನ್ನ ಹೆಸರು ಅಲ್ಲೂ ಇರಲಿಲ್ಲ.

ಅಷ್ಟರಲ್ಲಿ ಪರದೆಯ ತುಂಬ ದೊಡ್ಡವ್ವನ ಮುಖ. ತಲೆಗೆ ಟೋಪಿ, ಕಣ್ಣು ಆ ಕಡೆ ಈ ಕಡೆ ಓಡುತ್ತಿದೆ, ಮೇಲೆ ಹಸಿರು ಚುಕ್ಕೆ. "ಮಳೇಲಿ ನೆಂದು ಮನೇಗ್ ಬಂದ್ರು." ಜನ ನಕ್ಕರು. ಕೆಟ್ಟ ನಗುವೇನಲ್ಲ, ಮಗು ತೊದಲಿದರೆ ನಗುವ ಹಾಗೆ. ಇನ್ನೊಮ್ಮೆ ತೋರಿಸಿ ಎಂದು ಯಾರೋ ಕೇಳಿದರು. ಮೇಡಂ ಇನ್ನೊಮ್ಮೆ ತೋರಿಸಿದರು. ನಾನು ಪಕ್ಕಕ್ಕೆ ನೋಡುವ ಧೈರ್ಯ ಮಾಡಲಿಲ್ಲ.

ಆಮೇಲೆ ಹೆಸರುಗಳನ್ನು ಹೇಗೆ ಕಲೆಹಾಕಿದೆವು ಎಂದು ಒಂದು ಹಾಳೆಯ ಫೋಟೋ ಹಾಕಿದರು. ನನ್ನ ಪಟ್ಟಿ. ಹದಿನೇಳು, ಮಾದಪ್ಪ. ದೊಡ್ಡವ್ವನಿಗೆ ಇಂಗ್ಲಿಷ್ ಬಾರದು, ಕನ್ನಡ ಬರುತ್ತದೆ. ಬಾಲವಿರುವ ಆ 'ಮ' ಯಾರ ಕೈಯದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ, ತಿದ್ದಿಸಿದವಳೇ ಅವಳು. ಬಹಳ ಹೊತ್ತು ಪರದೆ ನೋಡಿದಳು. ಆಮೇಲೆ ನನ್ನ ಕೈ ನೋಡಿದಳು. ಮುಖ ನೋಡಲಿಲ್ಲ.

ಮೇಡಂಗೆ ಅಷ್ಟೂ ಸಾಲಲಿಲ್ಲ. ಮೈಕಿನಲ್ಲಿ ಕನ್ನಡದಲ್ಲೇ, "ನಮ್ಮ ತಾಯಮ್ಮನವರು ಇಲ್ಲೇ ಇದ್ದಾರೆ. ತಾಯಮ್ಮಾ, ಎಲ್ಲರಿಗೋಸ್ಕರ ಒಂದೇ ಒಂದು ಸಲ ಆ ಹೆಸರು ಹೇಳಲು ಪ್ರಯತ್ನ ಮಾಡುತ್ತೀರಾ?" ಎಂದರು. ಇಡೀ ಹಾಲ್ ಹಿಂದಕ್ಕೆ ತಿರುಗಿತು. ದೊಡ್ಡವ್ವ ಎದ್ದು ನಿಂತಳು.

"ಎಸ್ರು ಬೇಕಾದ್ರೆ ಇವಳ್ನ ಕೇಳ್ಕೊಳ್ಳಿ. ಬರ್ದು ಕೊಟ್ಟವ್ಳಲ್ಲ" ಎಂದು ಹೇಳಿ ಕೂತಳು.

ಮೇಡಂ ಅದನ್ನು ಇಂಗ್ಲಿಷಿಗೆ ಮಾಡಿ ಹೇಳಿದರು. ಜನ ಚಪ್ಪಾಳೆ ತಟ್ಟಿದರು.

ವ್ಯಾನಿನಲ್ಲಿ ಯಾರೂ ಹಾಡಲಿಲ್ಲ. ಕಣಿವೆ ಇಳಿಯುವಾಗ ಗೌರಮ್ಮ ಕೇಳಿದಳು. "ನಮ್ಮನೆಯವ್ರ ಎಸ್ರೂ ನೀನೇ ಬರ್ದು ಕೊಟ್ಟಿದ್ದಾ?" ಹೂಂ ಎಂದೆ. "ಒಂದ್ಮಾತು ಕೇಳಿದ್ರೆ ನಾವೇನು ಬ್ಯಾಡ ಅಂತಿದ್ವಾ? ನಿಂಗೋಸ್ಕರ ತಲೆಗೆ ಅಂಟು ಮೆತ್ತುಸ್ಕೊಂಡು ಕೂರ್ಲಿಲ್ವಾ?" ದೊಡ್ಡವ್ವ ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತು ಹೊರಗೆ ಮರಗೆಣಸಿನ ಹೊಲ ನೋಡುತ್ತಿದ್ದಳು.

ಮೇಡಂಗೆ ಫೋನ್ ಮಾಡಿ ಬಾಯಿಗೆ ಬಂದದ್ದೆಲ್ಲ ಕೇಳಿದೆ. ಅವರು ತಾಳ್ಮೆಯಿಂದಲೇ ಮಾತಾಡಿದರು, ಅದೇ ನನಗೆ ಹೆಚ್ಚು ಉರಿ. "ವಿಡಿಯೋ ವಿಷಯ ಫಾರಂನಲ್ಲಿತ್ತಲ್ಲ ಪವಿತ್ರಾ. ಓದಿ ಹೇಳಿದವಳು ನೀನೇ." "ಅವರ ಹೆಸರು ಬರಲ್ಲ ಅಂತ ಮಾತು ಕೊಟ್ಟಿದ್ವಿ" ಎಂದೆ. "ಲೇಖನದಲ್ಲಿ ಅವರ ಹೆಸರು ಎಲ್ಲೂ ಇಲ್ಲ. ಅವತ್ತು ನಾನು ಕರೆದದ್ದು ಪ್ರೀತಿಯಿಂದ." "ನನ್ನ ಹೆಸರು?" ಎಂದೆ. ಅದು ಆಫೀಸಿನ ನಿಯಮ, ಮುಂದಿನ ಲೇಖನದಲ್ಲಿ ನೋಡೋಣ ಎಂದರು. ಆಮೇಲೆ ಮೆಸೇಜಿಗೆ ಉತ್ತರ ನಿಂತಿತು. ಪಿಎಚ್.ಡಿ. ಸೀಟು ಆ ಶಿಷ್ಯನಿಗೆ ಹೋಯಿತೆಂದು ಕಾಲೇಜಿನ ಟೀಚರ್ ಹೇಳಿದರು. ಮೂಗಿಗೆ ತುಪ್ಪ ಸವರಿ ಹೋದರು ಎಂದು ಕಂಡವರ ಮುಂದೆಲ್ಲ ಅವರನ್ನು ಬೈದುಕೊಂಡು ತಿರುಗಿದೆ. ಬೈಯುವುದರಲ್ಲಿ ಒಂದು ಸುಖವಿತ್ತು, ನನ್ನ ತಪ್ಪು ಅಷ್ಟು ಹೊತ್ತು ಮರೆಯುತ್ತಿತ್ತು.

ದೊಡ್ಡವ್ವ ಒಂದು ಮಾತೂ ಆಡಲಿಲ್ಲ. ಜಗಳವಿಲ್ಲ, ಅಳುವಿಲ್ಲ, ಊಟಕ್ಕೆ ಕರೆಯದೆ ತಟ್ಟೆ ಇಡುತ್ತಿದ್ದಳು. ಅವಳ ಕೋಪ ನಾನು ಕಂಡವಳು. ಹಟ್ಟಿ ಬಾಗಿಲು ತೆರೆದಿಟ್ಟರೆ ಇಡೀ ಬೀದಿಗೆ ಕೇಳುವ ಹಾಗೆ ಕೂಗುವ ಹೆಂಗಸು ಅವಳು. ಈ ಮೌನ ನನಗೆ ಹೊಸದು, ಎಂಟು ದಿನದಲ್ಲಿ ಉಸಿರು ಕಟ್ಟಿತು. ಸೇಲಂನಲ್ಲಿ ಒಂದು ಖಾಸಗಿ ಶಾಲೆಯಲ್ಲಿ ಕೆಲಸ ಹುಡುಕಿಕೊಂಡು ಹಾಸ್ಟೆಲ್ ಸೇರಿದೆ. ಹೊರಡುವಾಗ ಬಸ್ ಹತ್ತಿಸಲು ದೊಡ್ಡಪ್ಪ ಬಂದ. "ನನ್ ಎಸ್ರು ಗ್ವಾಡೆ ಮ್ಯಾಲೆ ದೊಡ್ದಾಗಿ ಬಂದಿತ್ತಂತೆ? ನಂಗೇನು ಬ್ಯಾಸ್ರ ಇಲ್ಲ ಮಗ" ಎಂದ. ನನ್ನ ಚೀಲ ಕೈಗೆ ಕೊಡುತ್ತ, "ಅವಳು ದಿನಾ ಬೆಟ್ಟದ ಸ್ವಾಮಿಗೆ ದೀಪ ಅಚ್ಚಿ, ನನ್ ಮೈ ಮುಟ್ಟಿ ನೋಡ್ತಾಳೆ, ಜ್ವರ ಗಿರ ಬಂದೈತಾ ಅಂತ" ಎಂದ. ಬಸ್ಸು ಬಂತು. ಹತ್ತಿದೆ.

ಆರು ತಿಂಗಳು ಊರ ಕಡೆ ತಲೆ ಹಾಕಲಿಲ್ಲ. ನಮ್ಮ ಕಡೆ ಆಡಿ ಎನ್ನುವ ಆಷಾಢದ ಒಂದು ಭಾನುವಾರ ತಡೆಯಲಾಗದೆ ಹೊರಟೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತು ಜೋಡಿಸಿಕೊಂಡೆ. ಮೇಡಂ ಹೇಗೆ ಮೋಸ ಮಾಡಿದರು, ನನಗೂ ಏನೂ ಸಿಗಲಿಲ್ಲ, ನಾನು ಹೇಗೆ ಹಾಳಾದೆ, ಎಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಮನೆ ಮುಟ್ಟಿದಾಗ ದೊಡ್ಡವ್ವ ಜಗಲಿಯಲ್ಲಿ ಹುರುಳಿ ಕೇರುತ್ತಿದ್ದಳು. ನನ್ನನ್ನು ಕಂಡು ಮೊರ ಕೆಳಗಿಟ್ಟು ಎದ್ದಳು. ಎದ್ದದ್ದು ನೋಡಿ ಓಡಿ ಹೋಗಿ ತಬ್ಬಿಕೊಳ್ಳೋಣ ಎನಿಸಿತು.

"ಬನ್ನಿ" ಎಂದಳು. "ಬಿಸ್ಲಾಗೆ ಬಂದಿದ್ದೀರ. ಕೂತ್ಕೊಳ್ಳಿ."

ನನ್ನ ಹಿಂದೆ ಬೇರೆ ಯಾರೋ ಬಂದಿದ್ದಾರೆಂದು ತಿರುಗಿ ನೋಡಿದೆ. ಬೀದಿಯಲ್ಲಿ ಯಾರೂ ಇರಲಿಲ್ಲ. ಅವಳು ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದು ಕೊಟ್ಟಳು, ಕುರ್ಚಿ ಹಾಕಿದಳು, ಅದರ ಮುಂದೆ ಸ್ಟೂಲ್ ಇಟ್ಟು ತಟ್ಟೆ ಇಟ್ಟಳು. ಒಲೆಯ ಪಕ್ಕ ನೆಲದ ಮೇಲೆ ಕೂತು ಇಪ್ಪತ್ತು ವರ್ಷ ಉಂಡ ಮನೆ ಅದು.

"ದೊಡ್ಡವ್ವ, ತಪ್ಪಾಯ್ತು. ನಾನೇ ಬರ್ದಿದ್ದು, ನಿನ್ಗೆ ಸುಳ್ಳು ಏಳ್ದೆ" ಎಂದೆ. ಅಳು ಕಿತ್ತುಕೊಂಡು ಬಂತು. "ಇಂಗೆಲ್ಲ ಮಾತಾಡ್ಬ್ಯಾಡ. ಬೈಯಿ. ಒಂದೇಟು ಒಡಿ."

ಅವಳು ಸಾರು ಬಡಿಸುತ್ತಿದ್ದಳು. ಕೈ ತಡೆಯಲಿಲ್ಲ.

"ನಿಮ್ಮನ್ನ ನಾನ್ಯಾಕೆ ಬಯ್ಲಿ?" ಎಂದಳು. "ಓದ್ದೋರು ನೀವು. ಉಣ್ಣಿ, ಆರೋಗ್ತದೆ."